ಬಿನೋದ್ ಬಿಹಾರಿ ಮುಖರ್ಜಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬಂಗಾಳದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ (1904–1980) ಬಗ್ಗೆ ಮಾತು ಬಂದಾಗಲೆಲ್ಲ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಎದುರಾಗುತ್ತವೆ. ಕೆಲವು ಪತ್ರದಲ್ಲಿ ಬಂದವು, ಕೆಲವು ಮಾತಿನ ಮಧ್ಯೆ ಬಂದವು, ಒಂದೆರಡು ಜಗಳದ ದನಿಯಲ್ಲೇ ಬಂದವು. ಕೇಳಿದವರ ಮಾತನ್ನು ತಿದ್ದದೆ ಹಾಗೇ ಇಟ್ಟಿದ್ದೇನೆ. ಬಿನೋದ್ ಬಿಹಾರಿ ಹೆಸರೇ ಹೊಸದು ಅನ್ನುವವರು ಮೊದಲಿನಿಂದ ಓದಿ. ಉಳಿದವರು ಬೇಕಾದಲ್ಲಿಗೆ ಹಾರಿ.

## ಮೊದಲ ಪರಿಚಯ

ಯಾರು ಸಾರ್ ಇವರು? ಹೆಸರೇ ಕೇಳಿಲ್ಲ.

ಶಾಂತಿನಿಕೇತನದ ದೊಡ್ಡ ಚಿತ್ರಕಾರರಲ್ಲಿ ಒಬ್ಬರು. 1904ರ ಫೆಬ್ರವರಿ 7ರಂದು ಕಲ್ಕತ್ತದ ಬೆಹಾಲಾದಲ್ಲಿ ಹುಟ್ಟಿದರು. 1919ರಲ್ಲಿ ಶಾಂತಿನಿಕೇತನದಲ್ಲಿ ಕಲಾಭವನ ಎಂಬ ಕಲಾಶಾಲೆ ಶುರುವಾದಾಗ ಅಲ್ಲಿ ಸೇರಿದ ಮೊದಲ ವಿದ್ಯಾರ್ಥಿಗಳಲ್ಲಿ ಇವರೂ ಇದ್ದರು. 1925ರಿಂದ ಅಲ್ಲೇ ಮೇಷ್ಟ್ರಾದರು. ಸಿನಿಮಾ ನಿರ್ದೇಶಕ ಸತ್ಯಜಿತ್ ರಾಯ್ ಮತ್ತು ಚಿತ್ರಕಾರ ಕೆ.ಜಿ. ಸುಬ್ರಹ್ಮಣ್ಯನ್ ಇವರ ಶಿಷ್ಯರು. 1974ರಲ್ಲಿ ಪದ್ಮವಿಭೂಷಣ ಬಂತು, 1977ರಲ್ಲಿ ಶಾಂತಿನಿಕೇತನದ ವಿಶ್ವಭಾರತಿ ವಿಶ್ವವಿದ್ಯಾಲಯದ ದೇಶಿಕೋತ್ತಮ ಗೌರವ.

ಶಾಂತಿನಿಕೇತನ ಅಂದರೆ ನಮಗೆ ಥಟ್ಟನೆ ನೆನಪಾಗುವುದು ರವೀಂದ್ರನಾಥ ಠಾಕೂರರು. ಆಮೇಲೆ ನಂದಲಾಲ್ ಬೋಸ್, ಆಮೇಲೆ ಶಿಲ್ಪಿ ರಾಮ್‌ಕಿಂಕರ್ ಬೈಜ್. ಬಿನೋದ್ ಬಿಹಾರಿ ಹೆಸರು ಯಾವಾಗಲೂ ನಾಲ್ಕನೆಯದಾಗಿ ಬರುತ್ತದೆ. ನನ್ನನ್ನು ಕೇಳಿದರೆ ಆ ಸಾಲನ್ನು ಸ್ವಲ್ಪ ಬದಲಾಯಿಸಬೇಕು.

ಹುಟ್ಟು ಕುರುಡರಾ? ಅಥವಾ ಆಮೇಲೆ ಕಣ್ಣು ಹೋಯ್ತಾ?

ಎರಡೂ ಸ್ವಲ್ಪ ಸ್ವಲ್ಪ ನಿಜ. ಚಿಕ್ಕಂದಿನಿಂದಲೂ ಒಂದು ಕಣ್ಣು ಕಾಣುತ್ತಿರಲಿಲ್ಲ. ಇನ್ನೊಂದಕ್ಕೆ ವಿಪರೀತ ಸಮೀಪದೃಷ್ಟಿ. ಅಂದರೆ ಮೂಗಿನ ಹತ್ತಿರ ಹಿಡಿದದ್ದು ಕಾಣುತ್ತಿತ್ತು, ದೂರದ್ದೆಲ್ಲ ಮಸುಕು. ಅದೇ ಒಂದು ಕಣ್ಣಿನಲ್ಲಿ ಸುಮಾರು ನಲವತ್ತು ವರ್ಷ ಚಿತ್ರ ಬರೆದರು. ಐವತ್ತು ದಾಟಿದ ಮೇಲೆ ಪೊರೆಯ ಆಪರೇಷನ್ ಕೈಕೊಟ್ಟು ಅದೂ ಹೋಯಿತು. ಅಲ್ಲಿಂದ ಮುಂದೆ ಪೂರ್ತಿ ಕತ್ತಲೆ. ಆ ಕತ್ತಲೆಯಲ್ಲೂ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದರು.

‘ಕಣ್ಣು ಹೋದ ಚಿತ್ರಕಾರ’ ಅಂತ ಒಂದೇ ಮಾತಲ್ಲಿ ಪರಿಚಯ ಮಾಡಿಕೊಟ್ಟರೆ ಮೊದಲ ನಲವತ್ತು ವರ್ಷ ಎಲ್ಲ ಸರಿಯಾಗಿತ್ತೇನೋ ಅನ್ನಿಸಿಬಿಡುತ್ತದೆ. ಹಾಗೇನಿರಲಿಲ್ಲ. ಅವರ ಅತಿ ದೊಡ್ಡ ಕೆಲಸಗಳೆಲ್ಲ ಆ ಒಂದು ಮಸುಕು ಕಣ್ಣಿನ ಕಾಲದವು.

ಅಷ್ಟು ಕಮ್ಮಿ ಕಣ್ಣಿರೋ ಹುಡುಗನನ್ನ ಡ್ರಾಯಿಂಗ್ ಸ್ಕೂಲಿಗೆ ಹೇಗೆ ಸೇರಿಸ್ಕೊಂಡ್ರು?

ಅಲ್ಲಿ ಚಿತ್ರ ಕಲಿಸುತ್ತಿದ್ದ ನಂದಲಾಲ್ ಬೋಸರಿಗೂ ಇದೇ ಅನುಮಾನ ಬಂತು. ಕಣ್ಣೇ ಸರಿಯಿಲ್ಲದ ಹುಡುಗ ಚಿತ್ರ ಕಲಿತು ಮುಂದೆ ಏನು ಮಾಡುತ್ತಾನೆ ಅಂತ. ವಿಷಯ ರವೀಂದ್ರನಾಥರ ತನಕ ಹೋಯಿತು. ಹುಡುಗ ಮನಸ್ಸಿಟ್ಟು ಕೂತು ಕೆಲಸ ಮಾಡುತ್ತಾನೋ ಇಲ್ಲವೋ ಅಂತ ಅವರು ಕೇಳಿದರು. ಮಾಡುತ್ತಾನೆ ಅಂದಮೇಲೆ, ಹಾಗಾದರೆ ಬಿಟ್ಟುಬಿಡಿ, ಅವನ ದಾರಿ ಅವನು ಹುಡುಕಿಕೊಳ್ಳಲಿ ಅಂದರು.

ಇದು ನಡೆಯುವುದಕ್ಕೂ ಮೊದಲು ಬೇರೆ ಶಾಲೆಗಳಲ್ಲಿ ಅವರ ಓದು ಸರಿಯಾಗಿ ಸಾಗಿರಲಿಲ್ಲ. ಕಪ್ಪು ಹಲಗೆ ಕಾಣದ ಹುಡುಗನಿಗೆ ಆಗಿನ ಶಾಲೆಯಲ್ಲಿ ಏನು ಜಾಗವಿತ್ತು ಹೇಳಿ. 1917ರಲ್ಲಿ ಶಾಂತಿನಿಕೇತನಕ್ಕೆ ಬಂದದ್ದೇ ದೊಡ್ಡ ತಿರುವು. ಅಲ್ಲಿ ಪಾಠ ನಡೆಯುತ್ತಿದ್ದದ್ದು ಮರದ ಕೆಳಗೆ.

ನಮ್ಮ ಕರ್ನಾಟಕಕ್ಕೂ ಇವರಿಗೂ ಏನಾದ್ರೂ ನಂಟಿದ್ಯಾ? ಸುಮ್ನೆ ಕುತೂಹಲ.

ನೇರ ನಂಟು ಇಲ್ಲ, ಗುರುಗಳ ಕಡೆಯಿಂದ ಇದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಗ್ಯಾಲರಿಗೆ ಯಾರ ಹೆಸರಿದೆಯೋ, ಆ ಕೆ. ವೆಂಕಟಪ್ಪನವರು ಕಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತವರು. ನಂದಲಾಲ್ ಬೋಸ್ ಅಲ್ಲಿ ಅವರ ಜೊತೆಯವರು. ಅಜಂತಾ ಚಿತ್ರಗಳ ಪ್ರತಿ ತೆಗೆಯಲು ಹೋದ ತಂಡದಲ್ಲೂ ಇಬ್ಬರೂ ಇದ್ದರು. ಆ ನಂದಲಾಲರ ಶಿಷ್ಯರೇ ಬಿನೋದ್ ಬಿಹಾರಿ. ಹಾಗಾಗಿ ವೆಂಕಟಪ್ಪನವರ ಚಿತ್ರಗಳನ್ನು ನೋಡಿದವರಿಗೆ ಈ ಮನೆತನ ಪೂರ್ತಿ ಹೊಸದೇನಲ್ಲ. ಆದರೆ ಇಬ್ಬರ ಕೈ ಬೇರೆ ಬೇರೆ. ವೆಂಕಟಪ್ಪನವರದು ಕೂದಲೆಳೆ ಲೆಕ್ಕದ ನಯಗೆಲಸ. ಬಿನೋದ್ ಬಿಹಾರಿಯವರದು ಒಂದೇ ಏಟಿಗೆ ಎಳೆದ ಕುಂಚದ ಗೆರೆ.

ಈಚಿನವರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತು ಆಮೇಲೆ ಶಾಂತಿನಿಕೇತನಕ್ಕೆ ಓದಲು ಹೋದರು. ಅವರು ಅಲ್ಲಿ ಓದು ಮುಗಿಸಿದ್ದು 1982ರಲ್ಲಿ.

## ಒಂದು ಕಣ್ಣಿನ ಕಾಲ

ಒಂದೇ ಕಣ್ಣು, ಅದೂ ಮಸುಕು. ಅದು ಚಿತ್ರದಲ್ಲಿ ಗೊತ್ತಾಗತ್ತಾ?

ಗೊತ್ತಾಗುತ್ತದೆ ಅಂತ ಹೇಳಲು ಆಸೆಯಾಗುತ್ತದೆ. ಆದರೆ ಸ್ವಲ್ಪ ಹುಷಾರಾಗಿರಬೇಕು.

ಎರಡು ಕಣ್ಣಿದ್ದರೆ ಎರಡೂ ಸ್ವಲ್ಪ ಬೇರೆ ಬೇರೆ ನೋಟ ಕೊಡುತ್ತವೆ. ಮಿದುಳು ಅವನ್ನು ಸೇರಿಸಿ ಆಳವನ್ನು ಅಳೆಯುತ್ತದೆ. ಒಂದೇ ಕಣ್ಣಿದ್ದವರಿಗೆ ಆ ಸೌಕರ್ಯ ಇಲ್ಲ. ಯಾವುದು ಯಾವುದನ್ನು ಮರೆ ಮಾಡಿದೆ, ಯಾವುದು ಚಿಕ್ಕದಾಗಿ ಕಾಣುತ್ತದೆ ಅನ್ನುವುದರ ಮೇಲೆ ದೂರ ಲೆಕ್ಕ ಹಾಕಬೇಕು. ಬಿನೋದ್ ಬಿಹಾರಿ ಚಿತ್ರಗಳಲ್ಲಿ ಮರ, ಮನೆ, ಜನ ಒಂದರ ಮೇಲೊಂದು ಜೋಡಿಸಿದ ಹಾಗಿರುತ್ತವೆ. ಮಬ್ಬಾಗುತ್ತಾ ಹೋಗುವ ದೂರದ ದಿಗಂತ ಅಪರೂಪ.

ಹಾಗಂತ ಎಲ್ಲವನ್ನೂ ಕಣ್ಣಿನ ತಲೆಗೆ ಕಟ್ಟಿದರೆ ತಪ್ಪಾಗುತ್ತದೆ. ನಮ್ಮ ಹಳೆಯ ಚಿಕಣಿ (ಮಿನಿಯೇಚರ್) ಚಿತ್ರಗಳಲ್ಲೂ ಚೀನಾ ಜಪಾನ್ ಚಿತ್ರಗಳಲ್ಲೂ ಇದೇ ಜೋಡಣೆ ಇದೆ, ಅವರೆಲ್ಲ ಒಕ್ಕಣ್ಣರೇನಲ್ಲ! ಬಿನೋದ್ ಬಿಹಾರಿ ಆ ಪರಂಪರೆಗಳನ್ನು ಚೆನ್ನಾಗಿ ಓದಿಕೊಂಡಿದ್ದರು. 1937ರ ಸುಮಾರಿಗೆ ಜಪಾನಿಗೂ ಹೋಗಿ ಬಂದರು. ನನಗನ್ನಿಸುವುದು ಇಷ್ಟು: ಎದುರಿಗೆ ಹತ್ತಾರು ದಾರಿಗಳಿದ್ದವು, ಅದರಲ್ಲಿ ತಮ್ಮ ಕಣ್ಣಿಗೆ ಒಗ್ಗುವ ದಾರಿಯನ್ನು ಅವರು ಆರಿಸಿಕೊಂಡರು. ಕಣ್ಣು ಬಾಗಿಲು ತೋರಿಸಿರಬಹುದು. ಒಳಗೆ ಹೋಗಿ ಮನೆ ಕಟ್ಟಿದ್ದು ಓದು, ಬುದ್ಧಿ.

ಉದ್ದುದ್ದ ಸುರುಳಿ ಚಿತ್ರ ಯಾಕೆ ಬರೀತಿದ್ರು? ಫ್ರೇಮ್ ಹಾಕಕ್ಕೂ ಆಗಲ್ವಲ್ಲ.

ಸುರುಳಿ ಚಿತ್ರ ಗೋಡೆಗೆ ತೂಗುಹಾಕುವ ವಸ್ತುವೇ ಅಲ್ಲ. ನೆಲದ ಮೇಲೋ ಮೇಜಿನ ಮೇಲೋ ಇಟ್ಟುಕೊಂಡು, ಒಂದು ಕೈಯಲ್ಲಿ ಬಿಚ್ಚುತ್ತಾ ಇನ್ನೊಂದು ಕೈಯಲ್ಲಿ ಸುತ್ತುತ್ತಾ ನೋಡಬೇಕು. ಒಂದು ಸಲಕ್ಕೆ ಕಾಣುವುದು ಎರಡು ಕೈ ನಡುವಿನ ತುಂಡು ಮಾತ್ರ. ಇಡೀ ಚಿತ್ರವನ್ನು ಒಂದೇ ನೋಟಕ್ಕೆ ಯಾರೂ ನೋಡಲಾಗದು. ಒಳ್ಳೆಯ ಕಣ್ಣಿದ್ದವರೂ ಅಷ್ಟೇ.

ಇದನ್ನು ಸ್ವಲ್ಪ ಯೋಚಿಸಿ. ದೂರ ನಿಂತು ಇಡಿಯಾಗಿ ನೋಡುವುದು ಸಾಧ್ಯವಿಲ್ಲದ ಒಬ್ಬ ಮನುಷ್ಯ, ಹತ್ತಿರದಿಂದ ತುಂಡು ತುಂಡಾಗಿಯೇ ನೋಡಬೇಕಾದ ಚಿತ್ರದ ರೂಪವನ್ನು ಹಿಡಿದ. ಅಲ್ಲಿ ನೋಡುಗರೆಲ್ಲ ಅವನ ಥರವೇ ನೋಡಬೇಕು. 1924ರಲ್ಲಿ, ಇಪ್ಪತ್ತು ವರ್ಷದವರಿದ್ದಾಗ, ಶಾಂತಿನಿಕೇತನದ ದೃಶ್ಯಗಳ ಒಂದು ಸುರುಳಿ ಬರೆದರು. ಉದ್ದ 44 ಅಡಿ. ಜಪಾನಿಗೆ ಹೋಗಿ ಅಲ್ಲಿನ ಸುರುಳಿಗಳನ್ನು ನೋಡುವುದಕ್ಕೂ ಹನ್ನೆರಡು ಹದಿಮೂರು ವರ್ಷ ಮೊದಲಿನ ಮಾತಿದು.

ಛಾವಣಿಗೆ ಚಿತ್ರ ಬರೆದಿದ್ದಾರಂತೆ, ನಿಜಾನಾ?

ನಿಜ. 1940ರಲ್ಲಿ, ಕಲಾಭವನದ ಹಾಸ್ಟೆಲಿನಲ್ಲಿ. ನಡುವೆ ಒಂದು ಕೆರೆ, ಸುತ್ತ ಬೀರ್‌ಭೂಮ್ ಜಿಲ್ಲೆಯ ಹಳ್ಳಿ. ಮರಗಳು, ದನಕರು, ಜನ ಎಲ್ಲ ಆ ನೀರಿನ ಸುತ್ತ ಹಬ್ಬಿಕೊಂಡಿವೆ. ಮೇಲು ಯಾವುದು ಕೆಳಗು ಯಾವುದು ಅನ್ನುವ ಲೆಕ್ಕವಿಲ್ಲ, ಯಾವ ಮೂಲೆಯಿಂದ ಕತ್ತೆತ್ತಿದರೂ ಚಿತ್ರ ನಿಮ್ಮ ಕಡೆಯಿಂದಲೇ ಶುರುವಾಗುತ್ತದೆ. ಅದೇ ವರ್ಷ ವಿದ್ಯಾರ್ಥಿಯಾಗಿ ಬಂದ ಸತ್ಯಜಿತ್ ರಾಯ್‌ಗೆ ಬಿನೋದ್ ಬಿಹಾರಿಯವರ ಕೆಲಸದ ಮೊದಲ ಪರಿಚಯ ಆದದ್ದು ಈ ಛಾವಣಿಯಿಂದಲೇ.

ದೂರ ನಿಂತು ನೋಡಕ್ಕೇ ಆಗದವರು ಅಷ್ಟು ದೊಡ್ಡ ಗೋಡೆ ಚಿತ್ರ ಹೇಗೆ ಬರೆದ್ರು?

ಶಾಂತಿನಿಕೇತನದ ಹಿಂದಿ ಭವನದ ಭಿತ್ತಿಚಿತ್ರದ ಬಗ್ಗೆ ಕೇಳುತ್ತಿದ್ದೀರಿ ಅಂದುಕೊಳ್ಳುತ್ತೇನೆ. 1946–47ರಲ್ಲಿ ಬರೆದದ್ದು. ವಿಷಯ: ಮಧ್ಯಕಾಲದ ಭಾರತದ ಸಂತರು. ಒಂದು ಹಾಲಿನ ಮೂರು ಗೋಡೆಗಳ ಮೇಲ್ಭಾಗವನ್ನು ಪೂರ್ತಿ ಸುತ್ತಿಕೊಂಡಿದೆ. ಸ್ವತಂತ್ರ ಭಾರತದ ಹೊಸ್ತಿಲಲ್ಲಿ ಆದ ಚಿತ್ರಗಳಲ್ಲಿ ಇದಕ್ಕೆ ಸಾಟಿಯಾದದ್ದು ತೀರ ಕಡಿಮೆ ಅನ್ನುವುದು ನನ್ನ ಲೆಕ್ಕ.

ಮೊದಲು ಆ ವಿಧಾನ ಎಷ್ಟು ಕಷ್ಟದ್ದು ನೋಡಿ. ಗೋಡೆಗೆ ಸುಣ್ಣದ ಗಾರೆ ಬಳಿಯಬೇಕು. ಅದು ಹಸಿಯಾಗಿರುವಾಗಲೇ, ಬರೀ ನೀರಿನಲ್ಲಿ ಕಲಸಿದ ಬಣ್ಣದಿಂದ ಬರೆಯಬೇಕು. ಬಣ್ಣಕ್ಕೆ ಗೋಂದು ಗೀಂದು ಏನೂ ಇಲ್ಲ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಗಟ್ಟಿಯಾಗುತ್ತಾ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಆದ್ದರಿಂದ ಅವತ್ತಿಗೆ ಎಷ್ಟು ಬರೆಯಬಹುದೋ ಅಷ್ಟೇ ಗಾರೆ ಬಳಿಯಬೇಕು. ಒಣಗಿದ ಮೇಲೆ ತಪ್ಪು ಕಂಡರೆ ಆ ಭಾಗವನ್ನು ಕೆತ್ತಿ ತೆಗೆದು ಮತ್ತೆ ಗಾರೆ ಬಳಿಯುವುದೊಂದೇ ದಾರಿ.

ಇಂಥ ಕೆಲಸಕ್ಕೆ ಎಲ್ಲರೂ ಮೊದಲು ಗೋಡೆಯಷ್ಟೇ ದೊಡ್ಡ ನಕ್ಷೆಯನ್ನು ಕಾಗದದ ಮೇಲೆ ಮಾಡಿ ಗೋಡೆಗೆ ಇಳಿಸಿಕೊಳ್ಳುತ್ತಾರೆ. ಬಿನೋದ್ ಬಿಹಾರಿ ಹಾಗೆ ಇಳಿಸಿಕೊಳ್ಳಲಿಲ್ಲ. ನೇರವಾಗಿ ಹಸಿ ಗಾರೆಯ ಮೇಲೆ ಕುಂಚ ಇಟ್ಟರು. ಅವರ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಗೋಡೆ ಇರಬೇಕು. ಆ ದೂರದಲ್ಲಿ ಒಂದು ತಲೆ, ಒಂದು ತೋಳು, ಬಟ್ಟೆಯ ನಾಲ್ಕು ಮಡಿಕೆ ಕಂಡರೆ ಹೆಚ್ಚು. ಉಳಿದ ಗೋಡೆಯೆಲ್ಲ ತಲೆಯೊಳಗಿರಬೇಕು. ಸಾರವೆಯಿಂದ ಇಳಿದು ಹಿಂದೆ ಸರಿದು ನಿಂತರೂ ಅವರಿಗೆ ಸಿಗುತ್ತಿದ್ದದ್ದು ಮಸುಕು ಮಾತ್ರ. ಶಿಷ್ಯರು ಜೊತೆಗಿದ್ದರು, ಸುಬ್ರಹ್ಮಣ್ಯನ್ ಕೂಡ. ಆದರೆ ಗೋಡೆಯ ಪೂರ್ತಿ ಲೆಕ್ಕ ಇದ್ದದ್ದು ಒಬ್ಬರ ತಲೆಯಲ್ಲೇ.

ಚಿತ್ರ ನೋಡಿದರೆ ಇದ್ಯಾವ ಕಷ್ಟವೂ ಕಾಣುವುದಿಲ್ಲ. ನೀಳ ದೇಹದ ಜನರ ಗುಂಪುಗಳು ನದಿಯಂತೆ ಹರಿಯುತ್ತವೆ. ಸಂತರ ತಲೆಯ ಹಿಂದೆ ಪ್ರಭಾವಳಿ ಇಟ್ಟು ಮೇಲೆ ಕೂರಿಸಿಲ್ಲ. ಅವರು ಸಂತೆಗೆ ಬಂದವರ ನಡುವೆ, ಮಕ್ಕಳನ್ನು ಎತ್ತಿಕೊಂಡವರ ನಡುವೆ ಇದ್ದಾರೆ. ಕಬೀರ, ತುಳಸೀದಾಸ, ಸೂರದಾಸರಿದ್ದಾರೆ. ರಾಮಾನುಜರೂ ಇದ್ದಾರೆ. ಮೇಲುಕೋಟೆಯವರು ಹೋದರೆ ಅವರನ್ನು ಹುಡುಕಿಕೊಳ್ಳಬಹುದು. ಇನ್ನು ಸೂರದಾಸರು ಕಣ್ಣಿಲ್ಲದ ಕವಿ ಅನ್ನುವುದು ಲೋಕಕ್ಕೆ ಗೊತ್ತು. ಅವರನ್ನು ಬರೆದಾಗ ಬಿನೋದ್ ಬಿಹಾರಿಯವರ ಕಣ್ಣಿಗೆ ಇನ್ನು ಹತ್ತು ವರ್ಷ ಆಯುಸ್ಸಿತ್ತು.

## ಕಣ್ಣು ಹೋದ ಮೇಲೆ

ಆಪರೇಷನ್ ಯಾಕೆ ಫೇಲ್ ಆಯ್ತು? ಈಗಿನ ಕಾಲದಲ್ಲಾಗಿದ್ರೆ ಉಳೀತಿತ್ತಾ?

ಶಾಂತಿನಿಕೇತನ ಬಿಟ್ಟ ಮೇಲೆ ಅವರು ನೇಪಾಳದ ಮ್ಯೂಸಿಯಂನಲ್ಲಿ ಕೆಲಸ ಮಾಡಿದರು, ರಾಜಸ್ಥಾನದ ಬನಸ್ಥಲಿಯಲ್ಲಿ ಪಾಠ ಹೇಳಿದರು, ಮಸ್ಸೂರಿಯಲ್ಲಿ ಹೆಂಡತಿ ಲೀಲಾ ಜೊತೆ ಕಲಾಶಾಲೆ ನಡೆಸಿದರು. 1957ರ ಹೊತ್ತಿಗೆ ಪೊರೆಯ ಆಪರೇಷನ್ ಆಯಿತು, ಕಣ್ಣು ಪೂರ್ತಿ ಹೋಯಿತು. ಅವರ ವಿಷಯದಲ್ಲಿ ಇಂಥದ್ದೇ ಕಾರಣ ಅಂತ ನಾನು ಬೆರಳು ತೋರಿಸಲಾರೆ. ಸಾಮಾನ್ಯ ಸಂಗತಿ ಹೇಳಬಹುದು.

ತೀರ ಜಾಸ್ತಿ ಸಮೀಪದೃಷ್ಟಿ ಇದ್ದವರ ಕಣ್ಣುಗುಡ್ಡೆ ಉದ್ದವಾಗಿರುತ್ತದೆ, ಹಿಂದಿನ ಅಕ್ಷಿಪಟಲ (ರೆಟಿನಾ) ತೆಳುವಾಗಿ ಎಳೆದುಕೊಂಡಿರುತ್ತದೆ. ಪೊರೆ ತೆಗೆದ ಮೇಲೆ ಅಂಥ ಪಟಲ ಕಿತ್ತು ಬರುವ ಅಪಾಯ ಉಳಿದವರಿಗಿಂತ ಹೆಚ್ಚು. ಆಗಿನ ಆಪರೇಷನ್ನಿನಲ್ಲಿ ದೊಡ್ಡದಾಗಿ ಕುಯ್ದು ಇಡೀ ಮಸೂರವನ್ನೇ ತೆಗೆಯುತ್ತಿದ್ದರು. ಬದಲಿ ಮಸೂರ ಇಡುವ ಪ್ರಯೋಗವನ್ನು ಲಂಡನ್ನಿನಲ್ಲಿ ಹ್ಯಾರಲ್ಡ್ ರಿಡ್ಲಿ 1949ರಲ್ಲಷ್ಟೇ ಶುರು ಮಾಡಿದ್ದರು. ಅದು ನಮ್ಮಲ್ಲಿ ಎಲ್ಲರಿಗೂ ಸಿಗುವಂತಾಗಲು ಇನ್ನೂ ಹಲವು ದಶಕ ಹಿಡಿಯಿತು. ಈಗ ಕಣ್ಣಿನಲ್ಲಿ ಎರಡು ಮೂರು ಮಿಲಿಮೀಟರಿನ ರಂಧ್ರ ಸಾಕು.

ಕಣ್ಣೇ ಕಾಣದೆ ಗೆರೆ ಎಳೆಯೋದು ಹೇಗೆ? ನಾನು ಕಣ್ಮುಚ್ಚಿ ಟ್ರೈ ಮಾಡಿದೆ, ಮೂಗು ಕಿವಿ ಹತ್ರ ಹೋಯ್ತು.

ನೀವು ಟ್ರೈ ಮಾಡಿದ್ದು ಒಳ್ಳೆಯದಾಯಿತು, ತೊಂದರೆ ಎಲ್ಲಿದೆ ಅಂತ ಗೊತ್ತಾಯಿತಲ್ಲ. ಕಾಣದೆ ಒಂದು ಗೆರೆ ಎಳೆಯುವುದು ಕಷ್ಟವಲ್ಲ. ಎರಡನೇ ಗೆರೆ ಕಷ್ಟ. ಪೆನ್ನು ಎತ್ತಿದ ಕೂಡಲೇ ಮೊದಲನೆಯದು ಎಲ್ಲಿ ನಿಂತಿತ್ತು ಅನ್ನುವುದು ತಪ್ಪಿಹೋಗುತ್ತದೆ.

ಬಿನೋದ್ ಬಿಹಾರಿ ಕಣ್ಣು ಹೋದ ಮೇಲೆ ಸ್ಕೆಚ್ ಪೆನ್ನಿನಲ್ಲಿ ರಾಶಿ ರಾಶಿ ಬರೆದರು. ಕೆಲವೇ ಗೆರೆಯಲ್ಲಿ ಕೂತ ಹೆಂಗಸು, ಒಂದು ಪ್ರಾಣಿ, ಒಂದು ಮುಖ. ಇದರ ಹಿಂದೆ ನಲವತ್ತು ವರ್ಷದ ಕುಂಚದ ಅಭ್ಯಾಸ ಇತ್ತು. ಬೆಳಗಿನ ಜಾವ ಅರೆ ಬೆಳಕಿನಲ್ಲಿ ಬಾಗಿಲ ಮುಂದೆ ರಂಗೋಲಿ ಎಳೆಯುವ ಅಜ್ಜಿಯ ಬೆರಳಿಗೆ ಎಷ್ಟು ಗೊತ್ತಿರುತ್ತದೋ ಅಷ್ಟು ಅವರ ಮಣಿಕಟ್ಟಿಗೆ ಗೊತ್ತಿತ್ತು. ಹಾಗಿದ್ದೂ ಕೆಲವು ಚಿತ್ರಗಳಲ್ಲಿ ಗೆರೆ ಸೇರಬೇಕಾದಲ್ಲಿ ಸೇರುವುದಿಲ್ಲ, ಒಂದರ ಮೇಲೊಂದು ಹತ್ತಿದೆ. ಅವನ್ನು ಅವರು ಮುಚ್ಚಿಡಲಿಲ್ಲ. ಆ ತಪ್ಪಿದ ಗೆರೆಗಳೂ ನನಗೆ ಇಷ್ಟ.

ಜೊತೆಗೆ ಮೇಣದಲ್ಲಿ ಪುಟ್ಟ ಪುಟ್ಟ ಬೊಂಬೆಗಳನ್ನೂ ಮಾಡಿದರು. ಮೇಣ ಬೆರಳಿಗೆ ಉತ್ತರ ಕೊಡುತ್ತದೆ. ಶಾಯಿ ಕೊಡುವುದಿಲ್ಲ.

ಬಣ್ಣ ಯಾರು ಆರಿಸ್ತಿದ್ರು? ನಿಜ ಹೇಳಿ, ಬೇರೆಯವರೇ ಮಾಡಿಕೊಡ್ತಿದ್ರು ಅಲ್ವಾ?

ಕಣ್ಣು ಹೋದ ಮೇಲೆ ಅವರು ಬಣ್ಣದ ಕಾಗದ ಕತ್ತರಿಸಿ ಅಂಟಿಸಿಯೂ ಚಿತ್ರ ಮಾಡಿದರು. ಸಹಾಯಕರಿದ್ದರು, ಅದನ್ನು ಯಾರೂ ಮುಚ್ಚಿಟ್ಟಿಲ್ಲ. ಬಣ್ಣದ ಕಾಗದ ಹುಡುಕಿ ಕೊಡುವುದು, ಅಂಟಿಸಲು ಕೈಗೂಡಿಸುವುದು ಇಂಥದ್ದಕ್ಕೆಲ್ಲ ಜನ ಬೇಕಿತ್ತು. ಯಾವ ಬಣ್ಣದ ಪಕ್ಕ ಯಾವುದು ಕೂರಬೇಕು ಅನ್ನುವುದು ಅವರದೇ ತೀರ್ಮಾನ. ಹುಟ್ಟಿನಿಂದ ಬೆಳಕೇ ಕಾಣದವರಿಗೂ ಐವತ್ತು ವರ್ಷ ಬಣ್ಣದ ಜೊತೆ ಬದುಕಿ ಆಮೇಲೆ ಕಣ್ಣು ಕಳೆದುಕೊಂಡವರಿಗೂ ಇಲ್ಲೇ ವ್ಯತ್ಯಾಸ. ಹಳದಿ ಅಂದರೆ ಇವರಿಗೆ ಬರೀ ಹೆಸರಲ್ಲ. ನೀಲಿಯ ಪಕ್ಕ ಇಟ್ಟರೆ ಅದು ಹೇಗೆ ಹಾರಿ ಬರುತ್ತದೆ ಅನ್ನುವುದು ನೆನಪಿನಲ್ಲಿ ಉಳಿದಿತ್ತು.

ಒಂದು ಮಾತು ಸೇರಿಸುತ್ತೇನೆ. ದೇವಸ್ಥಾನದ ಶಿಲ್ಪಕ್ಕೆ ಹತ್ತು ಜನ ಉಳಿ ಹಿಡಿದಿದ್ದರೂ ನಾವು ಒಬ್ಬ ಸ್ಥಪತಿಯ ಹೆಸರು ಹೇಳುತ್ತೇವೆ. ಅಲ್ಲಿ ಬರದ ಅನುಮಾನ ಕಣ್ಣು ಕಾಣದವರ ವಿಷಯಕ್ಕೆ ಮಾತ್ರ ಯಾಕೆ ಬರುತ್ತದೋ!

ಕಾಗದ ಕತ್ತರಿಸಿ ಅಂಟಿಸೋದು ಮತೀಸ್ ಮಾಡಿದ್ದಲ್ವಾ? ಇವರು ಕಾಪಿ ಹೊಡೆದ್ರಾ?

ಫ್ರಾನ್ಸಿನ ಚಿತ್ರಕಾರ ಆನ್ರಿ ಮತೀಸ್ 1941ರಲ್ಲಿ ದೊಡ್ಡ ಆಪರೇಷನ್ ಆಗಿ, ನಿಂತು ಬರೆಯಲಾಗದೆ, ಹಾಸಿಗೆಯಲ್ಲೂ ಗಾಲಿಕುರ್ಚಿಯಲ್ಲೂ ಕೂತು ಬಣ್ಣದ ಕಾಗದ ಕತ್ತರಿಸಿದರು ಅನ್ನುವುದು ನಿಜ. ಇಬ್ಬರ ಕೆಲಸವೂ ಮೇಲುನೋಟಕ್ಕೆ ಹೋಲುತ್ತದೆ. ಆದರೆ ಮತೀಸ್‌ಗೆ ಕಣ್ಣಿತ್ತು. ಬಿನೋದ್ ಬಿಹಾರಿಗೆ ಕತ್ತರಿ ಬೇಕಾದ ಕಾರಣವೇ ಬೇರೆ.

ಒಂದು ಕಾಗದ ತಗೊಂಡು ಕತ್ತರಿಸಿ, ಕಣ್ಣು ಮುಚ್ಚಿ ಅದರ ಅಂಚಿನ ಗುಂಟ ಬೆರಳು ಓಡಿಸಿ. ಆಕಾರ ಪೂರ್ತಿ ಗೊತ್ತಾಗುತ್ತದೆ. ಅದನ್ನು ಇನ್ನೊಂದು ಹಾಳೆಯ ಮೇಲಿಟ್ಟು ಸರಿಸಿ. ಎಲ್ಲಿದೆ ಅಂತ ಗೊತ್ತಾಗುತ್ತದೆ. ಬೇಡವಾದರೆ ಎತ್ತಿಬಿಡಬಹುದು. ಮಧ್ಯಕ್ಕೆ ಮಡಚಿದರೆ ಆ ಮಡಿಕೆಯೇ ಬೆರಳಿಗೆ ಸಿಗುವ ಗೆರೆ. ಅಂದರೆ ಪೆನ್ನಿನಲ್ಲಿ ಕಳೆದುಹೋಗುತ್ತಿದ್ದ ‘ಎರಡನೇ ಗೆರೆ’ಯ ಜಾಗ ಇಲ್ಲಿ ಕೈಗೆ ಸಿಗುತ್ತದೆ. ಬರೆದು ತಿದ್ದುವ ಹಕ್ಕನ್ನು ಕಾಗದ ಅವರಿಗೆ ವಾಪಸ್ ಕೊಟ್ಟಿತು. 1957ರಲ್ಲೇ, ಅಂದರೆ ಕಣ್ಣು ಹೋದ ಬೆನ್ನಿಗೇ, ಹಣ್ಣು ಹಿಡಿದ ಹೆಂಗಸಿನ ಒಂದು ಕಾಗದದ ಚಿತ್ರ ಮಾಡಿದರು. ಅದು ಈಗ ಲಂಡನ್ನಿನ ಟೇಟ್ ಕಲಾ ಸಂಗ್ರಹದಲ್ಲಿದೆ. ಜರ್ಮನಿಯ ಡಾಕ್ಯುಮೆಂಟಾ ಎಂಬ ದೊಡ್ಡ ಕಲಾ ಪ್ರದರ್ಶನದಲ್ಲೂ 2017ರಲ್ಲಿ ಇವರ ಕಾಗದದ ಕೆಲಸಗಳಿದ್ದವು.

ಕುರುಡರಾದ ಮೇಲೂ ಗೋಡೆ ಕೆಲಸ ಮಾಡಿದ್ರಾ?

ಮಾಡಿದರು. 1972ರಲ್ಲಿ ಕಲಾಭವನದ ಗೋಡೆಗೆ ಸೆರಾಮಿಕ್ ಟೈಲ್ಸಿನ ಭಿತ್ತಿಚಿತ್ರ. ಕಾಗದದಲ್ಲಿ ಹುಡುಕಿಕೊಂಡ ಸರಳ ಆಕಾರಗಳೇ ಅಲ್ಲಿ ದೊಡ್ಡದಾಗಿ ಗೋಡೆ ಹತ್ತಿದವು. ಟೈಲ್ಸಿಗೂ ಅಂಚಿದೆ, ಎಣಿಸಬಹುದು, ಮುಟ್ಟಿ ಜಾಗ ಹೇಳಬಹುದು. ಆಗ ಅವರಿಗೆ 68.

ಕಣ್ಣಿಲ್ಲದೆ ಚಿತ್ರಕಲೆ ಪಾಠ ಹೇಗೆ ಮಾಡ್ತಿದ್ರು?

1958ರಲ್ಲಿ ಕಲಾಭವನಕ್ಕೆ ವಾಪಸ್ ಬಂದು ಕಲಾ ಇತಿಹಾಸ ಹೇಳಿಕೊಡಲು ಶುರು ಮಾಡಿದರು. ಪಾಠವೆಲ್ಲ ನೆನಪಿನಿಂದ. ಈ ಕಾಲದಲ್ಲೇ ಬಂಗಾಳಿಯಲ್ಲಿ ಬರವಣಿಗೆಯನ್ನೂ ಗಂಭೀರವಾಗಿ ಹಿಡಿದರು. ‘ಚಿತ್ರಕರ್’ ಎಂಬ ಪುಸ್ತಕಕ್ಕೆ ಬಂಗಾಳದ ಸಾಹಿತ್ಯ ಪ್ರಶಸ್ತಿಯಾದ ರವೀಂದ್ರ ಪುರಸ್ಕಾರ ಬಂತು, ಅದನ್ನು ಇಂಗ್ಲಿಷಿಗೆ ತಂದವರು ಶಿಷ್ಯ ಸುಬ್ರಹ್ಮಣ್ಯನ್.

## ಇನ್ನೂ ಸ್ವಲ್ಪ ಒಳಗೆ

ಮೋನೆಗೂ ಪೊರೆ ಇತ್ತಲ್ಲ. ಅವರದ್ದೂ ಇವರದ್ದೂ ಒಂದೇ ಕಥೆ ಅಲ್ವಾ?

ಅಲ್ಲ. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೋನೆಗೆ ಪೊರೆ ಇದೆ ಅಂತ ಗೊತ್ತಾದದ್ದು 1912ರಲ್ಲಿ, ಎಪ್ಪತ್ತು ದಾಟಿದ ಮೇಲೆ. ಪೊರೆ ಬಲಿತಾಗ ಕಣ್ಣಿನ ಮಸೂರ ಹಳದಿ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ನೀಲಿ ಬೆಳಕನ್ನು ಅದು ಒಳಗೆ ಬಿಡುವುದಿಲ್ಲ. ಮೋನೆಯ ಆ ಕಾಲದ ತೋಟದ ಚಿತ್ರಗಳು ಕೆಂಪು ಕಂದಿನಲ್ಲಿ ಉರಿಯುವುದಕ್ಕೆ ಇದೂ ಒಂದು ಕಾರಣ ಅನ್ನುತ್ತಾರೆ. 1923ರಲ್ಲಿ ಬಲಗಣ್ಣಿಗೆ ಆಪರೇಷನ್ ಆಯಿತು. ಆಮೇಲೆ ಬಣ್ಣದ ಗಾಜಿನ ಕನ್ನಡಕ ಹಾಕಿಕೊಂಡು ಕೆಲಸ ಮುಂದುವರಿಸಿದರು.

ಮೋನೆಯದು ಬದಲಾದ ಬಣ್ಣದ ಕಥೆ. ಕಣ್ಣು ಏನು ಹೇಳಿತೋ ಅದನ್ನೇ ಬರೆಯುವುದು ಅವರ ಜೀವನದ ಪಟ್ಟು, ಕಣ್ಣೇ ಸುಳ್ಳು ಹೇಳತೊಡಗಿದಾಗ ಒದ್ದಾಡಿಬಿಟ್ಟರು. ಬಿನೋದ್ ಬಿಹಾರಿ ಚಿಕ್ಕಂದಿನಿಂದಲೂ ಕಣ್ಣನ್ನು ಅಷ್ಟು ನಂಬಿದವರೇ ಅಲ್ಲ. ಹೋಲಿಕೆ ಬೇಕೇ ಬೇಕು ಅಂದರೆ ಫ್ರಾನ್ಸಿನವರೇ ಆದ ಎಡ್ಗರ್ ದೆಗಾ ಹತ್ತಿರ. ಅವರೂ ಕಣ್ಣು ಮಂಕಾದಂತೆ ತೈಲವರ್ಣ ಕಡಿಮೆ ಮಾಡಿ ಪೇಸ್ಟಲ್ ಕಡ್ಡಿಗೂ ಮೇಣದ ಬೊಂಬೆಗೂ ತಿರುಗಿದರು.

ಕುರುಡರು ಅಂತ ಕನಿಕರಕ್ಕೇ ಇಷ್ಟೊಂದು ಹೊಗಳ್ತಾರೆ ಅನ್ಸತ್ತೆ. ತಪ್ಪು ತಿಳ್ಕೋಬೇಡಿ.

ತಪ್ಪು ತಿಳಿದುಕೊಳ್ಳುವುದಿಲ್ಲ. ಈ ಪ್ರಶ್ನೆ ಬರಲೇಬೇಕು. ಒಂದು ಸುಲಭದ ಪರೀಕ್ಷೆ ಇದೆ. 1957ಕ್ಕೆ ಗೆರೆ ಎಳೆದು ಆಮೇಲಿನದನ್ನೆಲ್ಲ ತೆಗೆದುಬಿಡಿ. ಉಳಿಯುವುದು ಏನು? ಹಾಸ್ಟೆಲಿನ ಛಾವಣಿ, 1942ರ ಚೀನಾ ಭವನದ ಭಿತ್ತಿಚಿತ್ರ, ಹಿಂದಿ ಭವನ, ಸುರುಳಿಗಳು, ನೇಪಾಳದ ರೇಖಾಚಿತ್ರಗಳು. ಇಷ್ಟಕ್ಕೇ ಯಾವ ಚಿತ್ರಕಾರನಾದರೂ ಚರಿತ್ರೆಯಲ್ಲಿ ನಿಲ್ಲುತ್ತಾನೆ.

ಕಣ್ಣು ಹೋದ ಮೇಲಿನ ಕೆಲಸವೆಲ್ಲ ಒಂದೇ ಮಟ್ಟದ್ದಲ್ಲ. ಕೆಲವು ಕಾಗದದ ಚಿತ್ರಗಳು ಅದ್ಭುತ. ಕೆಲವು ಮಾತ್ರ ಅಭ್ಯಾಸದ ಹಾಳೆಗಳ ಹಾಗಿವೆ. ಹಾಗೆ ಹೇಳುವುದರಲ್ಲಿ ಅವರಿಗೇನೂ ಅಗೌರವ ಇಲ್ಲ. ಎಲ್ಲವನ್ನೂ ‘ಅಯ್ಯೋ ಪಾಪ, ಎಷ್ಟು ಚೆನ್ನಾಗಿದೆ’ ಅಂದರೆ ಮಾತ್ರ ಅಗೌರವ. ಕುರುಡು ಅನ್ನುವುದು ಒಂದು ಹೊಸ ಅನುಭವ, ಹೊಸದೊಂದು ಸ್ಥಿತಿ ಎಂಬರ್ಥದ ಮಾತನ್ನು ಅವರೇ ಆಡಿದ್ದರು. ಅಳುವವನ ಮಾತಲ್ಲ ಇದು.

ಸತ್ಯಜಿತ್ ರಾಯ್ ಸಿನಿಮಾ ನೋಡಿದ್ರೆ ಸಾಕಾ?

ಶುರು ಮಾಡಲು ಅದಕ್ಕಿಂತ ಒಳ್ಳೆಯದು ಇಲ್ಲ. ‘ದಿ ಇನ್ನರ್ ಐ’, 1972, ಫಿಲ್ಮ್ಸ್ ಡಿವಿಷನ್‌ಗಾಗಿ ಮಾಡಿದ್ದು. ಸುಮಾರು ಇಪ್ಪತ್ತು ನಿಮಿಷ. ನಿರೂಪಣೆ ರಾಯ್ ಅವರದೇ ದನಿ. ಗುರುವಿನ ಬಗ್ಗೆ ಶಿಷ್ಯ ಮಾಡಿದ ಚಿತ್ರವಾದರೂ ಎಲ್ಲೂ ಗಂಟಲು ಕಟ್ಟಿಸಿಲ್ಲ. ಕೈಗಳನ್ನು ಗಮನಿಸಿ ನೋಡಿ. ಮುಖಕ್ಕಿಂತ ಅವು ಜಾಸ್ತಿ ಹೇಳುತ್ತವೆ. ಆದರೆ ಇಪ್ಪತ್ತು ನಿಮಿಷದಲ್ಲಿ ಹಿಂದಿ ಭವನದ ಗೋಡೆ ಹಿಡಿಸುವುದಿಲ್ಲ. ಅದಕ್ಕೆ ಹೋಗಿಯೇ ನೋಡಬೇಕು.

ಅವರ ಮಕ್ಕಳು ಯಾರಾದ್ರೂ ಕಲಾವಿದರಾಗಿದ್ದಾರಾ?

ಒಬ್ಬಳೇ ಮಗಳು, ಮೃಣಾಲಿನಿ ಮುಖರ್ಜಿ (1949–2015). ಸೆಣಬಿನಂಥ ನಾರನ್ನು ಗಂಟು ಹಾಕಿ ಹಾಕಿ ಆಳೆತ್ತರದ ಶಿಲ್ಪ ಕಟ್ಟಿದವರು. ಮುಂಚಿತವಾಗಿ ನಕ್ಷೆ ಬರೆದುಕೊಳ್ಳುವ ಅಭ್ಯಾಸ ಅವರಿಗೂ ಇರಲಿಲ್ಲ. ತಾಯಿ ಲೀಲಾ ಕೂಡ ಶಿಲ್ಪಿ. ಅದು ಇಡೀ ಮನೆಯೇ ಕೈಯ ಮೇಲೆ ನಂಬಿಕೆ ಇಟ್ಟಿದ್ದ ಮನೆ.

ನನ್ನ ಮಗಳಿಗೆ ದೃಷ್ಟಿ ಕಮ್ಮಿ. ಚಿತ್ರ ಬರೆಯೋ 'ಹುಚ್ಚು' ಇದೆ. ಕಳಿಸ್ಲಾ ಬೇಡ್ವಾ?

ಕಳಿಸಿ ಅಮ್ಮಾ. ಕಣ್ಣಿನ ಡಾಕ್ಟರು ಬೇಡ ಅಂದಿಲ್ಲವಾದರೆ ಹತ್ತಿರದಿಂದ ನೋಡಿದ್ದಕ್ಕೆ ಕಣ್ಣು ಸವೆಯುತ್ತದೆ ಅನ್ನುವ ಭಯ ಬೇಡ. ಬಿಳಿ ಹಾಳೆ, ದಪ್ಪ ಕಪ್ಪು ಮಾರ್ಕರ್ ಕೊಡಿ. ಪಕ್ಕದಿಂದ ಒಳ್ಳೆಯ ಬೆಳಕು ಬೀಳಲಿ. ಹಾಳೆಯನ್ನು ಮೇಜಿಗೆ ಟೇಪ್ ಹಾಕಿ ನಿಲ್ಲಿಸಿ, ಅಂಚು ಕೈಗೆ ಸಿಗುವ ಹಾಗಿರಲಿ.

ಇನ್ನೊಂದು ಉಪಾಯ ಇದೆ, ಖರ್ಚೂ ಇಲ್ಲ. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯ ಒಂದು ತುಂಡನ್ನು ರಟ್ಟಿಗೆ ಅಂಟಿಸಿ, ಅಂಚಿಗೆ ಸುತ್ತ ಟೇಪ್ ಸುತ್ತಿ, ಇಲ್ಲದಿದ್ದರೆ ಕೈಗೆ ಚುಚ್ಚುತ್ತದೆ. ಅದರ ಮೇಲೆ ಹಾಳೆ ಇಟ್ಟು ಮೇಣದ ಕ್ರೇಯಾನ್‌ನಲ್ಲಿ ಒತ್ತಿ ಬರೆದರೆ ಗೆರೆ ಉಬ್ಬಿ ತರಿತರಿಯಾಗುತ್ತದೆ. ಬರೆದದ್ದನ್ನು ಬೆರಳಲ್ಲೇ ಓದಬಹುದು. ಡ್ರಾಯಿಂಗ್ ಮೇಷ್ಟ್ರಿಗೆ ಮೊದಲೇ ಹೇಳಿಡಿ: ಬೋರ್ಡಿನ ಮೇಲೆ ಬರೆದದ್ದನ್ನು ನೋಡಿ ಬರೆ ಅನ್ನುವುದು ಬೇಡ, ವಸ್ತುವನ್ನೇ ಕೈಗೆ ಕೊಡಲಿ.

ಇವರ ಚಿತ್ರಗಳನ್ನ ನೋಡ್ಬೇಕು ಅಂದ್ರೆ ಎಲ್ಲಿಗೆ ಹೋಗ್ಬೇಕು?

ಶಾಂತಿನಿಕೇತನಕ್ಕೆ. ಹೌರಾದಿಂದ ರೈಲು ಹತ್ತಿ ಬೋಲ್ಪುರದಲ್ಲಿ ಇಳಿಯಬೇಕು, ಎರಡೂವರೆ ಮೂರು ಗಂಟೆ ದಾರಿ. ಅಲ್ಲಿಂದ ಟೋಟೋ, ಅಂದರೆ ಬ್ಯಾಟರಿ ರಿಕ್ಷಾ, ಸಿಗುತ್ತದೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಜನ ಜಾಸ್ತಿ. ಬುಧವಾರ ವಿಶ್ವಭಾರತಿಗೆ ರಜೆ, ಅವತ್ತು ಹೋಗಬೇಡಿ. ಹಿಂದಿ ಭವನ ಮತ್ತು ಚೀನಾ ಭವನ ಎರಡೂ ಪಾಠ ನಡೆಯುವ ವಿಭಾಗಗಳು, ಆಫೀಸಿನಲ್ಲಿ ಕೇಳಿಯೇ ಒಳಗೆ ಹೋಗಬೇಕು.

ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಇವರ ಚಿತ್ರಗಳಿವೆ. ಅದರದೇ ಶಾಖೆ ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿದೆ, ಶಾಂತಿನಿಕೇತನದ ಪ್ರದರ್ಶನ ಯಾವಾಗ ಬರುತ್ತದೆ ಅಂತ ಕಣ್ಣಿಟ್ಟಿರಿ. ಹಿಂದಿ ಭವನಕ್ಕೆ ಹೋಗುವವರು ಒಂದು ಪುಟ್ಟ ಬೈನಾಕ್ಯುಲರ್ ಬ್ಯಾಗಿಗೆ ಹಾಕಿಕೊಳ್ಳಿ. ಚಿತ್ರ ಇರುವುದು ಬಾಗಿಲು ಕಿಟಕಿಗಳ ಮೇಲೆ, ಕೆಳಗೆ ನಿಂತವರಿಗೆ ಕುಂಚದ ಗೆರೆ ಬರಿಗಣ್ಣಿಗೆ ಸಿಗುವುದಿಲ್ಲ.